ಮುಯ್ಯಿಗೆ ಬಂದ ದನಿ

ನನ್ನ ಫೋನಿಗೆ ಹೊಟ್ಟೆ ತುಂಬಿಹೋಗಿದೆ. ಹೋದ ತಿಂಗಳು ಮಸ್ಕಿಯಲ್ಲಿ ನನ್ನ ತಂಗಿಯ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ರಮವಿತ್ತು. ಬೆಳಗಿನಿಂದ ಅಳುತ್ತಿದ್ದ ಕೂಸು ಅದೇನು ಕಂಡಿತೋ, ನನ್ನ ಕಡೆ ತಿರುಗಿ ಒಂದು ಸಲ ನಕ್ಕಿತು. ಫೋಟೋ ತೆಗೆಯೋಣವೆಂದು ಫೋನ್ ಎತ್ತಿದರೆ, ಜಾಗವಿಲ್ಲ, ಮೊದಲು ಏನಾದರೂ ಅಳಿಸು ಎಂದು ಅದು ಹಟ ಹಿಡಿಯಿತು. ಏನನ್ನು ಅಳಿಸಲಿ ಎಂದು ನಾನು ಹುಡುಕುವಷ್ಟರಲ್ಲಿ ಕೂಸು ಮತ್ತೆ ಅಳಲು ಶುರು ಮಾಡಿತ್ತು.

"ಅಷ್ಟು ಏನ್ ತುಂಬ್ಕೊಂಡೀರಿ ಅದ್ರಾಗ?" ಎಂದಳು ನನ್ನ ಹೆಂಡತಿ.

"ಹುಡುಗರು" ಎಂದೆ.

"ಸಾಲ್ಯಾಗೂ ಅವಽ, ಕಿಸೇದಾಗೂ ಅವಽ. ನೀವು ರಿಟೈರ್ ಆಗೋತನ ಮನಿ ಮಂದೀಗೆ ಜಾಗ ಇಲ್ಲ ಬಿಡ್ರಿ" ಎಂದು ತನ್ನ ಫೋನಿನಲ್ಲಿ ತಾನೇ ಫೋಟೋ ತೆಗೆದುಕೊಂಡಳು. ಅದರಲ್ಲಿ ಕೂಸು ಬಾಯಿ ತೆರೆದು ಅಳುತ್ತಿದೆ, ಹಿಂದೆ ನಾನು ಫೋನಿನೊಳಗೆ ಮುಖ ಹುದುಗಿಸಿಕೊಂಡು ನಿಂತಿದ್ದೇನೆ.

ಅವಳು ಹೇಳಿದ್ದು ಸುಳ್ಳಲ್ಲ. ನಾನು ಸಿಂಧನೂರಿನಿಂದ ಬಳಗಾನೂರಿನ ಹಾದಿಯಲ್ಲಿರುವ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಊರಿನ ಹೆಸರು ಹೇಳುವುದಿಲ್ಲ, ಮುಂದೆ ಹೇಳುವ ಸಂಗತಿಯಲ್ಲಿ ನನ್ನ ಮರ್ಯಾದೆಯ ಪ್ರಶ್ನೆ ಇದೆ. ಫೋನ್ ತೆರೆದರೆ ಸಾಲಾಗಿ ನಿಂತ ಧ್ವನಿಗಳು. ಮುಟ್ಟಿದ ಕೂಡಲೇ ಯಾರೋ ಒಬ್ಬರು ಗುಡ್ ಮಾರ್ನಿಂಗ್ ಸರ್, ಮೈ ನೇಮ್ ಈಸ್ ಎಂದು ಶುರು ಮಾಡುತ್ತಾರೆ. ಜೊತೆಗೆ ನೋಟುಪುಸ್ತಕದ ಹಾಳೆಗಳ ಫೋಟೋಗಳು, ಪ್ರತಿಯೊಂದರ ಮೂಲೆಯಲ್ಲೂ ಹಾಳೆ ಹಾರದಂತೆ ಒತ್ತಿ ಹಿಡಿದ ಒಂದು ಹೆಬ್ಬೆರಳು. ಅಕ್ಷರಕ್ಕಿಂತ ಹೆಬ್ಬೆರಳುಗಳೇ ಸ್ಪಷ್ಟವಾಗಿ ಬಂದಿವೆ. ಹೆಬ್ಬೆಟ್ಟಿನ ಕಾಲ ಮುಗಿಯಿತು ಎನ್ನುವವರಿಗೆ ಒಮ್ಮೆ ತೋರಿಸಬೇಕು.

ಇದಕ್ಕೆಲ್ಲ ಸೇರಿ ಡಿಜಿಟಲ್ ಪೋರ್ಟ್‌ಫೋಲಿಯೊ ಎಂದು ಹೆಸರು. ಮಗು ಜೂನ್ ತಿಂಗಳಲ್ಲಿ ಏನು ಬರೆಯಿತು, ಆಗಸ್ಟಿನಲ್ಲಿ ಹೇಗೆ ಮಾತಾಡಿತು, ಜನವರಿಯಲ್ಲಿ ಎಷ್ಟು ಓದಿತು ಎಂಬುದನ್ನೆಲ್ಲ ಅದರದೇ ಹೆಸರಿನಲ್ಲಿ ಕೂಡಿಡಬೇಕು. ಅದನ್ನು ಕೇಳಿ, ನೋಡಿ, ಅಂಕ ಹಾಕಬೇಕು. ಮನೆಯಲ್ಲಿ ಯಾರೂ ಆಡದ ಭಾಷೆಯೊಂದನ್ನು ಮೂರು ತಾಸಿನ ಪರೀಕ್ಷೆಯಲ್ಲಿ ಅಳೆಯಬಾರದು ಎನ್ನುವುದು ಇದರ ಹಿಂದಿನ ವಿಚಾರ. ಒಳ್ಳೆಯ ವಿಚಾರವೇ. ಈ ಲೋಕದ ಒಳ್ಳೆಯ ವಿಚಾರಗಳೆಲ್ಲ ಕೊನೆಗೆ ನನ್ನ ಹೆಗಲ ಮೇಲೇ ಬಂದು ಯಾಕೆ ಕೂರುತ್ತವೆ ಎಂಬುದಷ್ಟೇ ನನ್ನ ತಕರಾರು.

ಇದನ್ನು ಕಲಿಸಲು ಲಿಂಗಸುಗೂರಿನಲ್ಲಿ ಎರಡು ದಿನ ತರಬೇತಿ ಕೊಟ್ಟರು. ಒಂದು ಶಾಲೆಯಿಂದ ಇಬ್ಬರು ಬರಬೇಕೆಂದು ಆದೇಶ. ನಮ್ಮಲ್ಲಿ ಇಂಗ್ಲಿಷಿಗೆ ಇರುವವನು ನಾನೊಬ್ಬನೇ, ಹಾಗಾಗಿ ಗಣಿತದ ಮಹಿಬೂಬ ಸರ್ ನನಗೆ ಜೊತೆಯಾದರು. ಉಪ್ಪಿಟ್ಟು ಮುಗಿದ ಮೇಲೆ ತರಬೇತುದಾರರು ಪರದೆಯ ಮೇಲೆ ಪೋರ್ಟ್‌ಫೋಲಿಯೊ ಎಂದು ದೊಡ್ಡದಾಗಿ ತೋರಿಸಿದರು. ಮಹಿಬೂಬ ಸರ್ ಕೈ ಎತ್ತಿದರು.

"ಇದು ಮಂತ್ರಿಗೋಳಿಗೆ ಹಂಚ್ತಾರಲ್ರೀ, ಖಾತಿ, ಅದಽ ಏನ್ರೀ ಸರ?"

ಸಭೆ ನಕ್ಕಿತು. ತರಬೇತುದಾರರು ಪಾಪ ಚಿಕ್ಕವರು, ಅವರೂ ನಕ್ಕು, ಹೌದು, ಒಂದು ರೀತಿಯಲ್ಲಿ ಪ್ರತಿ ಮಗುವಿಗೂ ಒಂದು ಖಾತೆ ಎಂದುಬಿಟ್ಟರು. ಅಲ್ಲಿಗೆ ಆ ಹೆಸರು ಅಂಟಿಕೊಂಡಿತು. ನಮ್ಮ ಮಕ್ಕಳು ಈಗಲೂ ಖಾತೆ ಎಂದೇ ಅನ್ನುತ್ತಾರೆ. ಒಂದು ದಿನ ಒಬ್ಬ ತಂದೆ ಕೆಸರುಗಾಲಲ್ಲೇ ಗದ್ದೆಯಿಂದ ನೇರ ಶಾಲೆಗೆ ಬಂದ. ಆಧಾರ್ ಕಾರ್ಡಿನ ಜೆರಾಕ್ಸನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹಿಡಿದಿದ್ದ.

"ನನ್ನ ಮಗಳ ಹೆಸರಿಗೆ ಖಾತಾ ಆಗೇತಂತ ಹೇಳಿದ್ಲು ರೀ. ಎಷ್ಟು ಗುಂಟಿ ಬಂತ್ರಿ?"

ಅದು ಹೊಲವಲ್ಲಪ್ಪ, ಅವಳ ಇಂಗ್ಲಿಷಿನ ಖಾತೆ ಎಂದೆ. ಅವನು ಚೀಲವನ್ನು ಮತ್ತೆ ಕಂಕುಳಿಗೆ ಸಿಕ್ಕಿಸಿದ. "ಹಂಗಾದ್ರ ಮುಂದ ಅದ್ಕೂ ಪಹಣಿ ತಗೀಬೇಕಾಗ್ತೈತಿ ನೋಡ್ರಿ" ಎಂದು ಹೇಳಿ ಹೋದ. ಅಂದು ನಾನು ನಕ್ಕಿದ್ದೆ. ಈಗ ತಿಂಗಳಿಗೊಮ್ಮೆ ಆ ಖಾತೆಗಳನ್ನು ಪ್ರಿಂಟ್ ತೆಗೆದು, ಸಹಿ ಹಾಕಿ, ಫೈಲಿಗೆ ಸೇರಿಸುವಾಗ ನಗು ಬರುವುದಿಲ್ಲ.

ನಾನು ಇಂಗ್ಲಿಷ್ ಕಲಿತದ್ದಕ್ಕೆ ಖಾತೆ, ದಾಖಲೆ ಏನೂ ಇಲ್ಲ. ನಾವು ಐದನೆಯ ಇಯತ್ತೆಗೆ ಬಂದ ಮೇಲೆ ಎಬಿಸಿಡಿ ನೋಡಿದವರು. ಮಸ್ಕಿಯಲ್ಲಿ ನಮ್ಮದು ಒಂದೇ ಕೋಣೆಯ ಮನೆ. ಅಲ್ಲಿ ಕೂತು ಗಟ್ಟಿಯಾಗಿ ಓದಿದರೆ ಅಣ್ಣಂದಿರು ಅಣಕಿಸುತ್ತಿದ್ದರು. ಅದಕ್ಕೆ ಪುಸ್ತಕ ಹಿಡಿದು ಗುಡ್ಡದ ಕಡೆ ಹೋಗುತ್ತಿದ್ದೆ. ಅಲ್ಲಿನ ಬಂಡೆಯ ಮೇಲೆ ಎರಡು ಸಾವಿರ ವರ್ಷಕ್ಕೂ ಹಿಂದೆ ರಾಜನೊಬ್ಬ, ನಮ್ಮ ಊರಿನವರಿಗೆ ಇವತ್ತಿಗೂ ಓದಲು ಬಾರದ ಲಿಪಿಯಲ್ಲಿ ತನ್ನ ಮಾತು ಕೆತ್ತಿಸಿಟ್ಟಿದ್ದಾನೆ. ಅವನ ಮಾತು ನನಗೆ ತಿಳಿಯದು, ನನ್ನ ಮಾತು ಅವನಿಗೆ ತಿಳಿಯದು. ಹೀಗಿರುವಾಗ ಸಂಕೋಚ ಯಾಕೆ ಎಂದು ಆ ಬಂಡೆಯ ಮುಂದೆ ನಿಂತು ದ ಕೌ ಈಸ್ ಎ ಯೂಸ್‌ಫುಲ್ ಎನಿಮಲ್ ಎಂದು ಕೂಗುತ್ತಿದ್ದೆ. ಬಂಡೆ ಸಮಾಧಾನದಿಂದ ಕೇಳಿಸಿಕೊಳ್ಳುತ್ತಿತ್ತು, ಅಂಕ ಹಾಕುತ್ತಿರಲಿಲ್ಲ.

ಅಂಕ ಹಾಕುವವರು ಲಿಂಗಸುಗೂರಿನ ಹೈಸ್ಕೂಲಿನಲ್ಲಿ ಸಿಕ್ಕರು. ನನ್ನ ಬಾಯಲ್ಲಿ ಸ್ಕೂಲ್ ಯಾವಾಗಲೂ ಇಸ್ಕೂಲ್ ಆಗುತ್ತಿತ್ತು, ಸ್ಟೇಷನ್ ಇಸ್ಟೇಷನ್ ಆಗುತ್ತಿತ್ತು. ಮಾಸ್ತರರು ನನ್ನನ್ನು ಬೋರ್ಡಿನ ಮುಂದೆ ನಿಲ್ಲಿಸಿ, "ಎಸ್ ಮುಂದ ಇ ಎಲ್ಲಿ ಕುಂತೈತಲೇ, ಬೆಳ್ಳ ಇಟ್ಟು ತೋರ್ಸು" ಎಂದರು. ನಾನು ನಿಜಕ್ಕೂ ಹುಡುಕಿದೆ. ಬೋರ್ಡಿನ ಈ ತುದಿಯಿಂದ ಆ ತುದಿಯವರೆಗೆ ಹುಡುಕಿದೆ. ಇಡೀ ತರಗತಿ ಹೊಟ್ಟೆ ಹಿಡಿದು ನಗುತ್ತಿತ್ತು. ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದ ಮೇಲೂ, ದಣಿದ ದಿನ ನನ್ನ ಬಾಯಿಂದ ಆ ಇ ಸದ್ದಿಲ್ಲದೆ ಹೊರಗೆ ಬಂದು ನಿಲ್ಲುತ್ತದೆ. ಈಚೆಗೆ ದಣಿಯದ ದಿನಗಳೇ ಕಡಿಮೆ.

ಇರಲಿ, ಖಾತೆಯ ಮಾತಿಗೆ ಬರೋಣ. ಈ ವರ್ಷದ ಮಳೆಗಾಲದಲ್ಲಿ ಒಂಬತ್ತನೆಯ ತರಗತಿಯವರು ಮೈ ವಿಲೇಜ್ ಎಂಬ ವಿಷಯದ ಮೇಲೆ ಒಂದು ನಿಮಿಷ ಮಾತಾಡಿ ಧ್ವನಿಮುದ್ರಿಸಬೇಕಿತ್ತು. ಹತ್ತು ಸಾಲು ನಾನೇ ಬೋರ್ಡಿನ ಮೇಲೆ ಬರೆದುಕೊಟ್ಟೆ. ಅದರಲ್ಲಿ ಅವರ ಹಳ್ಳಿ ಬಹಳ ಸುಂದರವಾಗಿತ್ತು, ಕಾಲುವೆಯಲ್ಲಿ ವರ್ಷವಿಡೀ ನೀರು ಹರಿಯುತ್ತಿತ್ತು. ಶಾಲೆಗೆ ಇರುವುದು ಒಂದೇ ಟ್ಯಾಬ್, ಅದರ ಗಾಜು ಮೂಲೆಯಲ್ಲಿ ಬಿರುಕು ಬಿಟ್ಟಿದೆ. ಗಂಡುಹುಡುಗರು ತರಗತಿಯಲ್ಲೇ ನನ್ನ ಕಣ್ಣ ಮುಂದೆ ಒಬ್ಬೊಬ್ಬರಾಗಿ ಒದರಿ ಮುಗಿಸಿದರು. ಹುಡುಗಿಯರು ಹನ್ನೊಂದು ಮಂದಿ. ಹುಡುಗರ ಮುಂದೆ ಒಬ್ಬಳೂ ಬಾಯಿ ಬಿಡಲೊಲ್ಲಳು. ನಾನು ಜಾಣತನ ಮಾಡಿದೆ. ಟ್ಯಾಬನ್ನು ಹುಡುಗಿಯರ ಲೀಡರ್ ಹುಲಿಗೆಮ್ಮನ ಕೈಗೆ ಕೊಟ್ಟು, ವಾರವಿಡೀ ಕೊನೆಯ ಪಿರಿಯಡ್ಡಿನಲ್ಲಿ ಶಾಲೆಯ ಹಿಂದಿನ ಬೇವಿನ ಮರದ ಕೆಳಗೆ ನೀವು ನೀವೇ ಮಾಡಿಕೊಳ್ಳಿ ಎಂದೆ.

ಹುಲಿಗೆಮ್ಮ ಸಣ್ಣ ಆಳು. ಅವಳ ತಂದೆ ನೆಲ್ಲು ಕೊಯ್ಯುವ ಮಷಿನ್ ಜೊತೆ ಊರೂರು ತಿರುಗುತ್ತಾನೆ. ಕಾಲುವೆಗೆ ನೀರು ಬಿಟ್ಟರೆ ತಾಯಿ ನಸುಕಿನಲ್ಲೇ ನಾಟಿ ಗುಂಪಿನ ಜೊತೆ ಹೊರಟುಬಿಡುತ್ತಾಳೆ. ಮನೆಯ ಕಸ, ನೀರು, ಮೂರು ವರ್ಷದ ತಮ್ಮ, ಎಲ್ಲ ಹುಲಿಗೆಮ್ಮನ ಪಾಲು. ಹೋದ ವರ್ಷ ನಾಟಿಯ ತಿಂಗಳಲ್ಲಿ ಅವಳ ಹಾಜರಿಯಲ್ಲಿ ಅರ್ಧದಷ್ಟು ಗೈರು. ಈ ವರ್ಷ ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ನಾನು ಅದನ್ನು ನನ್ನ ಪಾಠದ ಮಹಿಮೆ ಎಂದು ತಿಳಿದು ಹೆಡ್ ಮೇಡಂ ಮುಂದೆ ಒಮ್ಮೆ ಹೇಳಿಕೊಂಡೂ ಇದ್ದೆ.

ಧ್ವನಿಗಳು ಬಂದವು. ಕೇಳಲು ಶಾಲೆಯಲ್ಲಿ ಹೊತ್ತು ಎಲ್ಲಿದೆ? ಬಿಸಿಯೂಟ, ಮೊಟ್ಟೆ, ಗಣತಿ, ಸಭೆ. ಎಲ್ಲವನ್ನೂ ನನ್ನ ಫೋನಿಗೆ ಹಾಕಿಕೊಂಡು ಬಸ್ಸಿನಲ್ಲಿ ಕೇಳಿದೆ. ಇಯರ್‌ಫೋನಿನ ಎಡಗಿವಿ ಸತ್ತು ವರ್ಷವಾಗಿದೆ. ಬಲಗಿವಿಯಲ್ಲಿ ಮೈ ವಿಲೇಜ್ ಈಸ್ ಬ್ಯೂಟಿಫುಲ್, ಎಡಗಿವಿಯಲ್ಲಿ ಕಂಡಕ್ಟರನ ಸೀಟಿ, ಕೂಲಿಗೆ ಹೊರಟ ಹೆಂಗಸರ ಜಗಳ, ಡ್ರೈವರನ ತತ್ವಪದ. ಉಚ್ಚಾರಣೆ, ನಿರರ್ಗಳತೆ, ಆತ್ಮವಿಶ್ವಾಸ ಇತ್ಯಾದಿ ಐದು ಕಾಲಮ್ಮು, ಒಂದೊಂದಕ್ಕೂ ಎರಡೆರಡು ಅಂಕ, ಕೊನೆಗೆ ಒಂದು ಸಾಲಿನ ಅಭಿಪ್ರಾಯ. ಬಸ್ಸು ಊರು ಮುಟ್ಟುವಷ್ಟರಲ್ಲಿ ಐದಾರು ಮಕ್ಕಳ ಹಣೆಬರಹ ಬರೆದು ಮುಗಿಸುತ್ತಿದ್ದೆ.

ಆ ಅಂಕಗಳು ಈ ಸಲ ಸುಮ್ಮನೆ ಫೈಲಿಗೆ ಹೋಗುವಂಥವಲ್ಲ. ದಸರಾ ರಜೆಯಲ್ಲಿ ಲಿಂಗಸುಗೂರಿನಲ್ಲಿ ಹತ್ತು ದಿನದ ಇಂಗ್ಲಿಷ್ ವಸತಿ ಶಿಬಿರ. ಒಂದು ಶಾಲೆಯಿಂದ ಒಂದೇ ಮಗು. ಯಾರ ಖಾತೆಯಲ್ಲಿ ಹೆಚ್ಚು ಅಂಕವೋ ಅವರ ಹೆಸರು ತಾನಾಗಿಯೇ ಹೋಗುತ್ತದೆ. ಹತ್ತು ದಿನ ಯಾರೂ ನೀರು ತಾ, ಕಸ ಹೊಡಿ ಎನ್ನದ ಜಾಗದಲ್ಲಿ ಇರಬಹುದು ಎಂದು ಹುಡುಗಿಯರು ಅದನ್ನೇ ಮಾತಾಡುತ್ತಿದ್ದರು. ಹುಲಿಗೆಮ್ಮ ಮಾತ್ರ ಎರಡು ಸಲ ಬಂದು, ಅಲ್ಲಿ ಪುಸ್ತಕ ಇರ್ತಾವೇನ್ರಿ ಎಂದು ಕೇಳಿದ್ದಳು. ನಮ್ಮ ಶಾಲೆಯಿಂದ ಹೋದ ಹೆಸರು ಸ್ನೇಹಾಳದು. ಅವಳು ಪಕ್ಕದ ಕ್ಯಾಂಪಿನ, ಅಂದರೆ ಕಾಲುವೆ ಬಂದ ಮೇಲೆ ಹೊರಗಿನವರು ಬಂದು ನೆಲೆಸಿದ ಊರಿನ, ದೊಡ್ಡ ರೈತರ ಮಗಳು, ಏಳನೆಯವರೆಗೆ ಸಿಂಧನೂರಿನ ಖಾಸಗಿ ಶಾಲೆಯಲ್ಲಿ ಓದಿ ಬಂದವಳು. ಅವಳಿಗೆ ಹತ್ತಕ್ಕೆ ಒಂಬತ್ತು.

ಅಂಕಪಟ್ಟಿಯನ್ನು ಬಾಗಿಲಿಗೆ ಅಂಟಿಸಿದ ದಿನ ಮಧ್ಯಾಹ್ನ ನಾನೂ ಮಹಿಬೂಬ ಸರ್ ಕೂಡ ಶಿಕ್ಷಕರ ಕೋಣೆಯಲ್ಲಿ ರೊಟ್ಟಿ ಬಿಚ್ಚಿಕೊಂಡು ಕೂತಿದ್ದೆವು. ಹುಲಿಗೆಮ್ಮ ಬಾಗಿಲಲ್ಲಿ ನಿಂತಳು.

"ಸರ, ಒಂದ್ ಮಾತು ಕೇಳ್ಲೇನ್ರಿ?"

"ಕೇಳವ್ವ."

"ನಂಗ ಐದ್ ಯಾಕ ಬಿದ್ದಾವ್ರಿ?"

ಇಂಥ ಪ್ರಶ್ನೆಗೆ ನಮ್ಮಲ್ಲಿ ಸಿದ್ಧ ಉತ್ತರ ಇರುತ್ತದೆ. "ಉಚ್ಚಾರಣೆ ಇನ್ನಾ ಸುಧಾರಿಸ್ಬೇಕವ್ವ. ಮಾತು ಎಳದು ಎಳದು ಬರ್ತಾವ. ಸ್ನೇಹಾಂದು ಒಮ್ಮಿ ಕೇಳಿ ನೋಡು, ಎಷ್ಟ್ ಸ್ಪಷ್ಟ ಮಾತಾಡ್ಯಾಳ."

ಅವಳು ಹೊಸ್ತಿಲು ದಾಟಿ ಒಳಗೆ ಬಂದಳು.

"ಸ್ನೇಹಾಂದೂ ನಾನಽ ಮಾತಾಡೀನ್ರಿ ಸರ."

"ಏನಂದಿ?" ಎಂದೆ.

"ರೇಣುಕಾಂದೂ ನಾನಽ. ಶಾಹೀನಂದೂ ನಾನಽ. ಹುಡುಗ್ಯಾರ್ದು ಹನ್ನೊಂದೂ ನಂದಽ ದನಿ ರೀ. ಹೆಸರೊಂದು ಬ್ಯಾರೆ ಬ್ಯಾರೆ ಹೇಳೀನಿ."

ನನಗೆ ಮೊದಲು ಬಂದದ್ದು ಸಿಟ್ಟು. ಅದು ಕರೆಯದೆ ಬರುವ ನೆಂಟ. "ಇದು ಮೋಸ ಅಲ್ಲೇನಬೇ?" ಎಂದು ಗದರಿದೆ. ಅವಳು ಹೆದರಲಿಲ್ಲ. ನಾನು ಏನೋ ತಪ್ಪು ತಿಳಿದುಕೊಂಡಿದ್ದೇನೆ ಎನ್ನುವಂತೆ ಮುಖ ಮಾಡಿದಳು.

"ಮೋಸ ಅಲ್ರೀ ಸರ. ಮುಯ್ಯಿ."

ಆ ಮಾತು ಕೇಳಿ ನಾನು ಬಹಳ ವರ್ಷವಾಗಿತ್ತು. ಸಿಂಧನೂರಿನ ಬಾಡಿಗೆ ಮನೆಯಲ್ಲಿ ಯಾರು ಯಾರಿಗೆ ಮುಯ್ಯಿ ಹೋಗುತ್ತಾರೆ? ಕಾಲುವೆ ಮುಟ್ಟದ ನಮ್ಮ ಮಸ್ಕಿಯ ಒಣಹೊಲಗಳಲ್ಲಿ ಅದು ದಿನದ ಮಾತಾಗಿತ್ತು. ಇವತ್ತು ನೀನು ನಮ್ಮ ಹೊಲಕ್ಕೆ ಕಳೆ ತೆಗೆಯಲು ಬಾ, ನಾಳೆ ನಾನು ನಿಮ್ಮ ಹೊಲಕ್ಕೆ ಬರುತ್ತೇನೆ. ಕೂಲಿ ಇಲ್ಲ, ಕಾಗದವಿಲ್ಲ, ಆದರೆ ಮರೆಯುವ ಹಾಗಿಲ್ಲ. ನನ್ನ ಅವ್ವ ಜ್ವರ ಬಂದ ದಿನವೂ ಎದ್ದು ಹೋಗುತ್ತಿದ್ದಳು. ಯಾಕವ್ವ ಎಂದರೆ, "ಅಕಿ ನಮ್ಮ ಹೊಲ್ದಾಗ ಬಗ್ಗಿದ್ಲಲ್ಲ, ಅಕಿ ನಡಾ ಏನ್ ಕಬ್ಬಿಣದ್ದಾ?" ಎನ್ನುತ್ತಿದ್ದಳು. ನಮ್ಮ ಹೊಲ ಬರೀ ಎರಡು ಎಕರೆ. ಮುಯ್ಯಾಳುಗಳು ಬರದಿದ್ದರೆ ನನ್ನನ್ನು ಶಾಲೆ ಬಿಡಿಸಿ ಹೊಲಕ್ಕೆ ಕರೆದೊಯ್ಯುತ್ತಿದ್ದರು. ನಾನು ಪದವಿ ಓದಿದ್ದು ಹತ್ತಾರು ಹೆಂಗಸರ ನಡುನೋವಿನ ಮೇಲೆ. ಈ ಮಾತನ್ನು ನಾನು ಯಾವ ಸಭೆಯಲ್ಲೂ ಹೇಳಿಲ್ಲ.

ಹುಲಿಗೆಮ್ಮ ಬಿಡಿಸಿ ಹೇಳಿದಳು. ಟ್ಯಾಬಿನ ಕೆಂಪು ಚುಕ್ಕೆ ಹೊತ್ತಿಕೊಂಡರೆ ಹುಡುಗಿಯರ ಎದೆ ಧಸಕ್ಕೆನ್ನುತ್ತಿತ್ತಂತೆ. ಎಲ್ಲರಿಗಿಂತ ಹೆಚ್ಚು ಹೆದರಿದವಳು ಸ್ನೇಹಾಳೇ. ನಾಲ್ಕು ಸಲ ಪ್ರಯತ್ನಿಸಿ, ಹೆಸರು ಹೇಳಿದ ಕೂಡಲೇ ಅಳು ಬಂದು ಬಿಟ್ಟುಬಿಟ್ಟಳಂತೆ. ಆಗ ಹುಲಿಗೆಮ್ಮ, ನಿಂದು ನಾ ಮಾತಾಡ್ತೀನಿ, ನಮ್ಮನಿ ಕೆಲ್ಸ ನೀ ಮಾಡು ಎಂದಳು. ಸ್ನೇಹಾ ಬೆಳಿಗ್ಗೆ ಸೈಕಲ್ ಮೇಲೆ ಬಂದು ಇವಳ ತಮ್ಮನನ್ನು ಕ್ಯಾರಿಯರಿಗೆ ಕೂರಿಸಿಕೊಂಡು ಅಂಗನವಾಡಿಗೆ ಬಿಟ್ಟಳು. ರೇಣುಕಾ ನೀರು ತಂದಳು. ಶಾಹೀನ್ ವಿಜ್ಞಾನದ ಚಿತ್ರಗಳನ್ನು ಬಿಡಿಸಿಕೊಟ್ಟಳು. ಹೀಗೆ ಹತ್ತು ಮಂದಿ ಅವಳ ಮನೆಯ ಬೆಳಗನ್ನು ಹಂಚಿಕೊಂಡರು. ಅವಳು ನಾಟಿಯ ತಿಂಗಳು ಪೂರ್ತಿ ಶಾಲೆಗೆ ಬಂದದ್ದು ಹಾಗೆ. ನನ್ನ ಪಾಠದ ಮಹಿಮೆಯನ್ನು ನಾನು ಅಲ್ಲಿಯೇ ರೊಟ್ಟಿಯ ಜೊತೆ ನುಂಗಿಕೊಂಡೆ.

"ನಿಂದು ಕಡೀಕ ಮಾಡಿರ್ಬೇಕು. ದನಿ ದಣಿದಿರ್ತೈತಿ" ಎಂದೆ. ಮುಳುಗುವವನಿಗೆ ಹುಲ್ಲುಕಡ್ಡಿ.

"ಇಲ್ರೀ, ನಂದಽ ಮದ್ಲ ಮಾಡಿದ್ದು."

ಟ್ಯಾಬ್ ತೆಗೆದೆ. ಮಹಿಬೂಬ ಸರ್ ಫ್ಯಾನ್ ಆರಿಸಿದರು. ಎರಡೂ ಕಿವಿಯಿಂದ ಮೊದಲ ಸಲ ಕೇಳಿದೆ. ಮೈ ನೇಮ್ ಈಸ್ ಸ್ನೇಹಾ. ಮೈ ನೇಮ್ ಈಸ್ ರೇಣುಕಾ. ಮೈ ನೇಮ್ ಈಸ್ ಹುಲಿಗೆಮ್ಮ. ಒಂದೇ ದನಿ, ಬ್ಯೂಟಿಫುಲ್ ಎನ್ನುವ ಮೊದಲು ಒಂದೇ ಥರದ ಸಣ್ಣ ತಡವರಿಕೆ. ಒಳ್ಳೆಯ ದನಿ, ಬಿಡಿಸಿ ಬಿಡಿಸಿ ಆಡುವ ಸ್ವಚ್ಛ ಇಂಗ್ಲಿಷ್. ಎಲ್ಲಿ ಕಲಿತಿಯವ್ವ ಎಂದು ಕೇಳಿದೆ. ಓಣಿಯ ರೈತರು ಔಷಧಿಯ ಡಬ್ಬಿ ತಂದು ಅವಳ ಕೈಯಲ್ಲೇ ಓದಿಸುತ್ತಾರಂತೆ. ತಪ್ಪು ಓದಿದರೆ ಬೆಳೆ ಸುಡುತ್ತದೆ, ಅದಕ್ಕೆ ನಿಧಾನವಾಗಿ, ಗಟ್ಟಿಯಾಗಿ, ಎರಡು ಸಲ ಓದುವುದು ರೂಢಿಯಾಗಿದೆ ಎಂದಳು. ಎರಡು ವರ್ಷದಿಂದ ಈ ಹುಡುಗಿ ನನ್ನ ಮುಂದೆ ಕೂತಿದ್ದಾಳೆ, ನನಗೆ ಇದು ಗೊತ್ತಿರಲಿಲ್ಲ.

ಮಹಿಬೂಬ ಸರ್ ಟ್ಯಾಬನ್ನು ತಮ್ಮ ಕಡೆ ತಿರುಗಿಸಿಕೊಂಡು ನನ್ನ ಅಭಿಪ್ರಾಯಗಳನ್ನು ಓದಿದರು. ಸ್ನೇಹಾ: ಸ್ಪಷ್ಟ ಉಚ್ಚಾರಣೆ, ಮನೆಯ ಉತ್ತಮ ವಾತಾವರಣ ಎದ್ದು ಕಾಣುತ್ತದೆ. ಹುಲಿಗೆಮ್ಮ: ಗ್ರಾಮೀಣ ಛಾಯೆ ಇದೆ, ಇನ್ನಷ್ಟು ಅಭ್ಯಾಸ ಬೇಕು.

"ಸರ, ನಮ್ಮ ಗಣಿತದಾಗ ಹಿಂಗಾದ್ರ ಲೆಕ್ಕ ತಪ್ಪೇತಿ ಅಂತೀವಿ" ಎಂದರು ಮೆಲ್ಲಗೆ. "ಇಂಗ್ಲಿಷ್‌ನ್ಯಾಗ ಏನಂತಾರ್ರೀ?"

ಒಂದೇ ದನಿಗೆ ಐದರಿಂದ ಒಂಬತ್ತರವರೆಗೆ ಅಂಕ ಹಾಕಿದ್ದೆ. ಯಾವ ಲಂಚವೂ ಇಲ್ಲ, ಯಾರ ಶಿಫಾರಸೂ ಇಲ್ಲ, ಯಾರ ಮೇಲೂ ನನಗೆ ದ್ವೇಷವಿಲ್ಲ. ಬಸ್ಸಿನಲ್ಲಿ ಮೊದಲ ಸಾಲು ಕಿವಿಗೆ ಬೀಳುತ್ತಿತ್ತು. ಹೆಸರು ಕೇಳಿದ ಕೂಡಲೇ ಹೆಸರಿನ ಹಿಂದೆ ಮನೆ ಕಾಣುತ್ತಿತ್ತು, ಮನೆಯ ಹಿಂದೆ ಓಣಿ ಕಾಣುತ್ತಿತ್ತು. ಉಳಿದ ಒಂಬತ್ತು ಸಾಲು ಆ ಓಣಿಯ ಇಂಗ್ಲಿಷಾಗಿಯೇ ಕೇಳಿಸುತ್ತಿತ್ತು. ಅದೂ ಯಾರಿಗೆ? ಅಂಥದೇ ಓಣಿಯಿಂದ ಇಸ್ಕೂಲಿಗೆ ಹೋದವನಿಗೆ. ನಾನು ಎಲ್ಲಿಂದ ಬಂದೆ ಎಂಬುದು ನನಗೆ ನೆನಪಿದೆ ಎಂದೇ ತಿಳಿದಿದ್ದೆ. ನನ್ನ ಕಿವಿ ಮಾತ್ರ ಯಾವಾಗಲೋ ಸದ್ದಿಲ್ಲದೆ ಬೇರೆ ಓಣಿಗೆ ಮನೆ ಬದಲಿಸಿತ್ತು. ಬಹಳ ನಾಚಿಕೆಯಾಯಿತು. ಈ ವಯಸ್ಸಿನಲ್ಲಿ ನಾಚಿ ಮುಖ ಕೆಂಪಾಗುವುದಿಲ್ಲ, ಊಟ ಸೇರುವುದಿಲ್ಲ ಅಷ್ಟೇ.

ಅಂಕ ಸರಿಪಡಿಸಬೇಕೆಂದು ಹೆಡ್ ಮೇಡಂ ಹತ್ತಿರ ಹೋದೆ. ನಡೆದದ್ದನ್ನೆಲ್ಲ ಒಂದು ಪುಟ ಬರೆದುಕೊಂಡು ಹೋಗಿದ್ದೆ. ಅವರು ಕನ್ನಡಕ ಏರಿಸಿ ಓದಿ, ಕಾಗದವನ್ನು ಮಡಚಿ ನನ್ನ ಕೈಗೇ ಕೊಟ್ಟರು.

"ಇದು ಮ್ಯಾಲ ಹೋತಂದ್ರ ಹನ್ನೊಂದೂ ಹುಡುಗ್ಯಾರಿಗೆ ಸೊನ್ನಿ ಬೀಳ್ತಾವ ರೀ. ಹುಲಿಗೆಮ್ಮಗ ಮದ್ಲ ಬೀಳ್ತಾವ."

"ಮತ್ತ ಏನ್ ಮಾಡ್ಲಿ ಮೇಡಂ? ಅಕಿ ಜಾಗಕ್ಕ ಇನ್ನೊಬ್ರು ಹೊಂಟಾರ."

"ನಿಮಗ ವಯಸ್ಸಾಗೇತಿ. ಕಂಪ್ಯೂಟರ್ ಬರಂಗಿಲ್ಲ. ಎಲ್ಲಾರಿಗೂ ಗೊತ್ತಿರೋ ಮಾತು" ಎಂದು ಕಿಟಕಿಯ ಕಡೆ ನೋಡಿದರು. ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಹೊಸ ಕಾಗದ ಬರೆದೆ. ಹುಲಿಗೆಮ್ಮನ ಧ್ವನಿಯನ್ನು ನನ್ನ ಅಜ್ಞಾನದಿಂದ ಸ್ನೇಹಾಳ ಖಾತೆಗೆ ಸೇರಿಸಿದ್ದೇನೆ, ಒಂಬತ್ತು ಅಂಕ ಹುಲಿಗೆಮ್ಮನಿಗೆ ಸಲ್ಲತಕ್ಕದ್ದು, ತಪ್ಪು ಸಂಪೂರ್ಣವಾಗಿ ನನ್ನದು. ಇಷ್ಟು ವರ್ಷದ ನೌಕರಿಯಲ್ಲಿ ನಾನು ಬರೆದ ಅತ್ಯಂತ ನಿಜವಾದ ಸುಳ್ಳು ಇದೇ ಇರಬೇಕು. ವಾರದೊಳಗೆ ಒಪ್ಪಿಗೆ ಬಂತು. ಜೊತೆಗೆ, ತಂತ್ರಜ್ಞಾನದಲ್ಲಿ ಹಿಂದುಳಿದ ಶಿಕ್ಷಕರಿಗೆಂದು ಇನ್ನೊಂದು ತರಬೇತಿಗೆ ನನ್ನ ಹೆಸರೂ ಬಂತು. ಮಹಿಬೂಬ ಸರ್, ಉಪ್ಪಿಟ್ಟು ಚಲೋ ಇದ್ರ ನಾನೂ ಬರ್ತೀನಿ ಎಂದರು. ಸ್ನೇಹಾಳನ್ನು ಕರೆದು ಶಿಬಿರದ ಹೆಸರು ಬದಲಾಗಿದೆ ಎಂದಾಗ ಅವಳು ದೊಡ್ಡ ಉಸಿರು ಬಿಟ್ಟು ಕುರ್ಚಿಯ ಮೇಲೆ ಕೂತೇಬಿಟ್ಟಳು. ಅಲ್ಲಿ ನಿಲ್ಲಿಸಿ ಮಾತಾಡು ಎಂದರೆ ಏನು ಗತಿ ಎಂದು ಆ ಹುಡುಗಿ ದಿನವಿಡೀ ದೇವರಿಗೆ ಬೇಡಿಕೊಳ್ಳುತ್ತಿದ್ದಳಂತೆ. ಉಳಿದ ಹತ್ತು ಮಂದಿಯೂ ಮತ್ತೆ ಮಾತಾಡಬೇಕೆಂದು ಹೇಳಿದೆ. ಮೊದಲ ಸಾಲು ಬಿಟ್ಟು ಎರಡನೆಯ ಸಾಲಿನಿಂದ ಶುರು ಮಾಡಿ, ಯಾರದೆಂದು ನನಗೆ ಗೊತ್ತಾಗುವುದು ಬೇಡ ಎಂದೆ. ಹೆಸರಿಲ್ಲದ ಧ್ವನಿಯನ್ನು ಆ್ಯಪ್ ತೆಗೆದುಕೊಳ್ಳುವುದಿಲ್ಲ ಎಂಬುದು ಆಮೇಲೆ ತಿಳಿಯಿತು.

ಶಿಬಿರಕ್ಕೆ ಹೋಗುವ ಹಿಂದಿನ ದಿನ ಹುಲಿಗೆಮ್ಮ ಒಪ್ಪಿಗೆ ಪತ್ರಕ್ಕೆ ಅವ್ವನ ಸಹಿ ಹಾಕಿಸಿಕೊಂಡು ಬಂದಳು. ಶಾಲೆ ಬಿಟ್ಟಿತ್ತು, ವರಾಂಡದಲ್ಲಿ ಯಾರೂ ಇರಲಿಲ್ಲ. ಹೇಳದೇ ಕಳಿಸಿದರೆ ಹತ್ತು ದಿನವೂ ನನಗೆ ನೆಮ್ಮದಿ ಇರುವುದಿಲ್ಲ ಎನಿಸಿತು.

"ಹುಲಿಗೆವ್ವ, ಅವತ್ತು ಉಚ್ಚಾರಣೆ ಅದೂ ಇದೂ ಅಂದೆನಲ್ಲ, ಅದು ಸುಳ್ಳು. ನಾ ನಿನ್ನ ದನಿ ಕೇಳೇ ಇಲ್ಲ. ಹೆಸರು ಕೇಳಿ ಅಂಕ ಹಾಕೀನಿ. ನನ್ನಿಂದ ತಪ್ಪಾಗೇತಿ."

"ಗೊತ್ತಿತ್ರಿ ಸರ" ಎಂದಳು, ಸಮಾಧಾನ ಹೇಳುವ ದನಿಯಲ್ಲಿ.

"ಯಾವಾಗ ಗೊತ್ತಾತು? ಪಟ್ಟಿ ನೋಡಿದ ಮ್ಯಾಲಾ?"

"ಮದ್ಲಽ ಗೊತ್ತಿತ್ರಿ. ಇಲ್ಲಾಂದ್ರ ಮುಯ್ಯಿ ಹೆಂಗ ಹಿಡೀಬೇಕ್ರಿ? ಯಾರಿಗೆ ಎಷ್ಟು ಬೀಳ್ತಾವೋ ಅಷ್ಟು ದಿನ ಅವ್ರು ಬರ್ಬೇಕಂತ ಮಾತಾಗಿತ್ತು."

ಚೀಲದಿಂದ ಇಂಗ್ಲಿಷ್ ನೋಟುಪುಸ್ತಕ ತೆಗೆದು ಕೊನೆಯ ಹಾಳೆ ತೋರಿಸಿದಳು. ಪೆನ್ಸಿಲಿನಲ್ಲಿ ಹನ್ನೊಂದು ಹೆಸರು, ಪ್ರತಿ ಹೆಸರಿನ ಮುಂದೆ ಒಂದು ಅಂಕಿ. ಮೇಲಿನ ತಾರೀಖು ಧ್ವನಿಮುದ್ರಣ ಶುರುವಾದ ಮೊದಲ ದಿನದ್ದು. ಸ್ನೇಹಾ ಒಂಬತ್ತು, ನಾನು ಹಾಕಿದ್ದೂ ಒಂಬತ್ತು. ಶಾಹೀನ್ ಏಳು, ನಾನು ಹಾಕಿದ್ದೂ ಏಳು. ರೇಣುಕಾ ಆರು. ಬೆರಳಿಟ್ಟು ಒಂದೊಂದಾಗಿ ಕೆಳಗಿಳಿದೆ. ಹತ್ತು ಹೆಸರಿನ ಮುಂದೆ ಹತ್ತೂ ನನ್ನವೇ ಅಂಕಗಳು, ನಾನು ಇನ್ನೂ ಬಸ್ಸು ಹತ್ತುವ ಮೊದಲೇ ಬರೆದಿಟ್ಟವು. ಹನ್ನೊಂದನೆಯದು ಹುಲಿಗೆಮ್ಮ. ಅದರ ಮುಂದೆ ಒಂಬತ್ತು ಎಂದಿತ್ತು.

"ಇದೊಂದು ತಪ್ಪೇತಲ್ಲವ್ವ" ಎಂದೆ.

"ಹೌದ್ರಿ ಸರ. ಉಳದಾವೆಲ್ಲ ಹೆಸರು ನೋಡಿ ಬರಕೊಂಡಿದ್ದೆ. ಅದೊಂದು ನನ್ನ ದನಿ ಕೇಳಿ ಬರಕೊಂಡಿದ್ದೆ."